ಸಾಕಿದ ಟರಂಟುಲಾ ಊಟ ಬಿಟ್ಟಾಗ, ಅಂಗಾತ ಮಲಗಿದಾಗ, ಕಾಲು ಮುದುಡಿದಾಗ: ದೋಷ ಪತ್ತೆಯ ಕೈಪಿಡಿ

ಟರಂಟುಲಾ ಎಂಬ ಕೂದಲುಮೈಯ ದೊಡ್ಡ ಜೇಡ ಕಾಯಿಲೆ ಬಿದ್ದರೆ ನರಳುವುದಿಲ್ಲ, ಕೂಗುವುದಿಲ್ಲ. ಆರೋಗ್ಯವಾಗಿದ್ದಾಗಲೂ ಅದು ದಿನಗಟ್ಟಲೆ ಒಂದೇ ಮೂಲೆಯಲ್ಲಿ ಅಲುಗದೆ ಕುಳಿತಿರುತ್ತದೆ. ಸಾಯುವ ಹಿಂದಿನ ದಿನವೂ ಹಾಗೆಯೇ ಕುಳಿತಿರಬಹುದು. ನಾಯಿ, ಬೆಕ್ಕು ಸಾಕಿ ಅಭ್ಯಾಸವಿರುವವರಿಗೆ ಇದು ತೀರಾ ಹೊಸ ಅನುಭವ. ಊಟ ಬಿಟ್ಟ ನಾಯಿಯನ್ನು ವೈದ್ಯರ ಬಳಿಗೆ ಕರೆದೊಯ್ಯಬೇಕು. ಊಟ ಬಿಟ್ಟ ಟರಂಟುಲಾವನ್ನು ಬಹುತೇಕ ಸಲ ಅದರ ಪಾಡಿಗೆ ಬಿಡಬೇಕು. ಏನೂ ತೊಂದರೆ ಇಲ್ಲದ ಜೇಡಕ್ಕೆ ಚಿಕಿತ್ಸೆ ಮಾಡಲು ಹೋಗಿ ಕೊಂದ ಕಥೆಗಳೇ ನಿಜವಾದ ಕಾಯಿಲೆಯ ಕಥೆಗಳಿಗಿಂತ ಹೆಚ್ಚಾಗಿ ನನ್ನ ಕಿವಿಗೆ ಬಿದ್ದಿವೆ. ಹಾಗೆಂದು ಎಲ್ಲಕ್ಕೂ ಕೈಕಟ್ಟಿ ಕೂರುವಂತೆಯೂ ಇಲ್ಲ. ನೀರಿಲ್ಲದೆ ಬಳಲಿದ ಮರಿಗೆ ಕೆಲವು ಗಂಟೆಗಳಷ್ಟೇ ಉಳಿದಿರಬಹುದು. ಯಾವುದಕ್ಕೆ ಕಾಯಬೇಕು, ಯಾವುದಕ್ಕೆ ಆ ಕ್ಷಣವೇ ಎದ್ದು ಓಡಬೇಕು ಎಂಬುದನ್ನು ಹೊರಗಿನಿಂದಲೇ ಓದಿ ತಿಳಿಯುವುದು ಹೇಗೆಂದು ಇಲ್ಲಿ ಬರೆಯುತ್ತಿದ್ದೇನೆ.

ಮುಚ್ಚಳ ತೆಗೆಯುವ ಮೊದಲು

ಟಾರ್ಚನ್ನು ನೇರವಾಗಿ ಮೇಲಿನಿಂದ ಹಿಡಿಯಬೇಡಿ. ಪಕ್ಕದಿಂದ, ಗಾಜಿಗೆ ಓರೆಯಾಗಿ ಹಿಡಿಯಿರಿ. ಮೊದಲು ನೋಡಬೇಕಾದದ್ದು ಹೊಟ್ಟೆ. ಜೇಡದ ದೇಹದಲ್ಲಿ ಎರಡೇ ಭಾಗ: ಕಾಲುಗಳು ಹೊರಟಿರುವ ಮುಂದಿನ ಗಟ್ಟಿ ಭಾಗ, ಹಿಂದಿನ ಮೆತ್ತನೆಯ ಹೊಟ್ಟೆ. ಜೇಡ ಒಮ್ಮೆ ಪೊರೆ (ಹಳೆಯ ಮೈಚರ್ಮ) ಬಿಟ್ಟ ಮೇಲೆ ಮತ್ತೆ ಬಿಡುವವರೆಗೆ ಗಟ್ಟಿ ಭಾಗ ಬೆಳೆಯುವುದೂ ಇಲ್ಲ, ಕುಗ್ಗುವುದೂ ಇಲ್ಲ. ಹಾಗಾಗಿ ಅದೇ ಅಳತೆಗೋಲು. ಹೊಟ್ಟೆಯ ಅಗಲ ಗಟ್ಟಿ ಭಾಗದ ಅಗಲದಷ್ಟೋ ಅದರ ಒಂದೂವರೆ ಪಟ್ಟೋ ಇದ್ದರೆ ಜೇಡ ಚೆನ್ನಾಗಿದೆ. ಅದಕ್ಕಿಂತ ಚಿಕ್ಕದಾಗಿ, ಮೇಲ್ಮೈ ಸುಕ್ಕುಗಟ್ಟಿದ್ದರೆ ನೀರು ಸಾಲದೆ ಬಂದಿದೆ ಅಥವಾ ಬಹುಕಾಲದ ಉಪವಾಸವಾಗಿದೆ. ಹೊಟ್ಟೆ ಊದಿ ಬಿಗಿದು ಹೊಳೆಯುತ್ತಿದ್ದರೆ ಊಟ ಹೆಚ್ಚಾಗಿದೆ. ಆ ಜೇಡ ತಿನ್ನಲು ಒಲ್ಲೆ ಎನ್ನುವುದು ಅದರ ಜಾಣತನ.

ಎರಡನೆಯದು ಕಾಲುಗಳು. ಟರಂಟುಲಾದ ಕಾಲಿನ ಮುಖ್ಯ ಕೀಲುಗಳಲ್ಲಿ ಮಡಚುವ ಸ್ನಾಯುಗಳಿವೆ, ಚಾಚುವ ಸ್ನಾಯುಗಳಿಲ್ಲ. ಕಾಲು ಚಾಚುವುದು ದೇಹದೊಳಗಿನ ರಕ್ತದ್ರವದ ಒತ್ತಡದಿಂದ. ಈ ಒಂದು ಸಂಗತಿ ತಲೆಯಲ್ಲಿದ್ದರೆ ಅರ್ಧ ರೋಗನಿದಾನ ಆದಂತೆಯೇ. ಒತ್ತಡ ಇಳಿದಾಗ ಮಡಚುವ ಸ್ನಾಯುಗಳದ್ದೇ ಮೇಲುಗೈಯಾಗಿ ಕಾಲುಗಳು ಹೊಟ್ಟೆಯಡಿಗೆ ಸುರುಟಿಕೊಳ್ಳುತ್ತವೆ. ಸತ್ತ ಜೇಡಗಳೆಲ್ಲ ಕಾಲು ಮುದುಡಿಕೊಂಡೇ ಕಾಣುವುದು ಇದೇ ಕಾರಣಕ್ಕೆ. ನೆಲದ ಮೇಲೆ ಕಾಲುಗಳನ್ನು ನಿರಾಳವಾಗಿ ಹರಡಿ ಕುಳಿತ ಜೇಡದ ಬಗ್ಗೆ, ಅದು ವಾರಗಳಿಂದ ಅಲುಗದಿದ್ದರೂ, ಚಿಂತೆ ಬೇಡ.

ಆಮೇಲೆ ಬಾಯಿ, ಅಂದರೆ ಕೋರೆಹಲ್ಲುಗಳ ನಡುವಿನ ಕೆಂಪು ಕೂದಲಿನ ಜಾಗ. ಅಲ್ಲಿ ಬಿಳಿಯ ಲೋಳೆ ಕಂಡರೆ ಅದೊಂದು ಬೇರೆಯೇ ಕಥೆ, ಮುಂದೆ ಬರೆದಿದ್ದೇನೆ. ನೀರಿನ ಬಟ್ಟಲು ತುಂಬಿದೆಯೇ, ತಳದ ಮಣ್ಣು ಹುಳಿವಾಸನೆ ಬರುತ್ತಿದೆಯೇ, ಹಿಂದಿನ ಪೊರೆ ಬಿಟ್ಟದ್ದು ಯಾವಾಗ ಎಂಬುದನ್ನೂ ಸೇರಿಸಿಕೊಳ್ಳಿ. ಪೊರೆಯ ದಿನಾಂಕವನ್ನು ಡಬ್ಬಿಯ ಮೇಲೆಯೇ ಅಂಟುಚೀಟಿಯಲ್ಲಿ ಬರೆದಿಡುವ ಅಭ್ಯಾಸವಿಲ್ಲದವರು ಇಂದೇ ಶುರುಮಾಡಿ. ತಿಂಗಳಿಗೊಮ್ಮೆ ಒಂದೇ ಕೋನದಿಂದ ತೆಗೆದ ಫೋಟೊ ಇದ್ದರೆ ಇನ್ನೂ ಒಳ್ಳೆಯದು, ಏಕೆಂದರೆ ನಿಧಾನವಾಗಿ ಕುಗ್ಗುವ ಹೊಟ್ಟೆ ದಿನವೂ ನೋಡುವವರ ಕಣ್ಣಿಗೇ ಬೀಳುವುದಿಲ್ಲ.

ಊಟ ಬಿಟ್ಟಿದೆ

ಅತಿ ಹೆಚ್ಚು ಕೇಳುವ ದೂರು ಇದು, ಅತಿ ಕಡಿಮೆ ಸಲ ದೋಷವಾಗಿರುವುದೂ ಇದೇ.

ಮೊದಲ ಅನುಮಾನ ಪೊರೆಯ ಮೇಲೆ ಇರಲಿ. ಪೊರೆ ಬಿಡುವ ಮುನ್ನ ಜೇಡ ತಿನ್ನುವುದನ್ನು ನಿಲ್ಲಿಸುತ್ತದೆ. ಮರಿಗಳು ಕೆಲವು ದಿನ, ದೊಡ್ಡವು ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ. ಮೈಬಣ್ಣ ಮಾಸುತ್ತದೆ. ಹೊಟ್ಟೆಯ ಮೇಲಿನ ಕೂದಲನ್ನು ಉದುರಿಸಿಕೊಂಡ ಜಾತಿಗಳಲ್ಲಿ ಬೋಳು ಜಾಗ ಇರುತ್ತದೆ. ಮಾಮೂಲಿ ದಿನಗಳಲ್ಲಿ ತಿಳಿ ಚರ್ಮದ ಬಣ್ಣದ ಆ ಜಾಗ ಪೊರೆ ಹತ್ತಿರವಾದಂತೆ ಕಪ್ಪಾಗುತ್ತಾ ಬರುತ್ತದೆ. ಒಳಗೆ ಹೊಸ ಕೂದಲು ಸಾಲಾಗಿ ಬೆಳೆದು ನಿಂತಿರುವುದು ಹಳೆಯ ಚರ್ಮದ ಮೂಲಕ ಕಾಣುವುದೇ ಆ ಕಪ್ಪು. ಬಿಲದ ಬಾಯನ್ನು ಮಣ್ಣಿನಿಂದಲೋ ಬಲೆಯಿಂದಲೋ ಮುಚ್ಚಿಕೊಂಡರೆ ಅದೂ ಸೂಚನೆಯೇ. ಬಾಗಿಲು ಹಾಕಿಕೊಂಡ ಜೇಡವನ್ನು ಬದುಕಿದೆಯೋ ಇಲ್ಲವೋ ನೋಡುತ್ತೇನೆಂದು ಅಗೆದು ತೆಗೆಯಬೇಡಿ. ಒಳಗೆ ಅದು ಆ ಹೊತ್ತಿಗೆ ಅರ್ಧ ಪೊರೆಯಲ್ಲಿದ್ದರೆ ನಿಮ್ಮ ಚಮಚವೇ ಅದನ್ನು ಕೊಲ್ಲುತ್ತದೆ.

ಪೊರೆಯ ಲಕ್ಷಣವಿಲ್ಲದಿದ್ದರೆ ಜಾತಿ ಯಾವುದೆಂದು ನೋಡಿ. ಚಿಲಿ ದೇಶದ ಗ್ರಾಮೊಸ್ಟೋಲಾ ಜಾತಿಯ ಗುಲಾಬಿ ಟರಂಟುಲಾ ತಿಂಗಳುಗಟ್ಟಲೆ ಉಪವಾಸ ಮಾಡುವುದಕ್ಕೆ ಹೆಸರುವಾಸಿ. ವರ್ಷ ದಾಟಿದ ಉಪವಾಸದ ನಂತರವೂ ಒಂದು ಸಂಜೆ ಏನೂ ಆಗಿಲ್ಲವೆಂಬಂತೆ ಜಿರಲೆ ಹಿಡಿಯುವುದುಂಟು. ಅಲ್ಲಿಯವರೆಗೆ ಸಾಕಿದವರ ನಿದ್ದೆ ಹೋಗಿರುತ್ತದೆ, ಜೇಡದ ಹೊಟ್ಟೆ ಮಾತ್ರ ಗುಂಡಗೇ ಇರುತ್ತದೆ. ಇವು ಬದುಕುವ ವೇಗವೇ ಬೇರೆ. ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಜೇಡ ವಿಜ್ಞಾನಿ ಬಾರ್ಬರಾ ಯಾರ್ಕ್ ಮೇನ್ 1974ರಲ್ಲಿ ಆರಂಭಿಸಿದ ಅಧ್ಯಯನದಲ್ಲಿ 16ನೇ ಸಂಖ್ಯೆಯ ಗುರುತು ಪಡೆದ ಹೆಣ್ಣು ಬಾಗಿಲು ಜೇಡವೊಂದು (ಬಿಲಕ್ಕೆ ಮುಚ್ಚಳ ಕಟ್ಟುವ ಜೇಡ) ಅದೇ ಬಿಲದಲ್ಲಿ 43 ವರ್ಷ ಬಾಳಿತು; ಅದು ಟರಂಟುಲಾ ಅಲ್ಲ, ದೂರದ ಬಂಧು, ಸತ್ತದ್ದು ಕೂಡ ಮುಪ್ಪಿನಿಂದಲ್ಲ, ಕಣಜದ ದಾಳಿಯಿಂದ. ಅಷ್ಟು ಕಾಲ ಬದುಕುವ ದೇಹಕ್ಕೆ ಎರಡು ತಿಂಗಳ ಹಸಿವು ದೊಡ್ಡ ಸಂಗತಿಯಲ್ಲ.

ಗಂಡಾಗಿದ್ದರೆ ಲೆಕ್ಕ ಬೇರೆ. ಪ್ರೌಢನಾದ ಗಂಡಿನ ಬಾಯಿಯ ಪಕ್ಕದ ಪುಟ್ಟ ಕಾಲುಗಳ ತುದಿ ಮುಷ್ಟಿ ಕಟ್ಟಿದಂತೆ ಉಬ್ಬಿರುತ್ತದೆ; ಅನೇಕ ಜಾತಿಗಳಲ್ಲಿ ಮುಂಗಾಲಿನ ಒಳಬದಿಯಲ್ಲಿ ಕೊಕ್ಕೆಗಳೂ ಮೂಡುತ್ತವೆ. ಕೊನೆಯ ಪೊರೆ ಬಿಟ್ಟ ಮೇಲೆ ಅವನಿಗೆ ಊಟದ ಆಸೆ ಕಡಿಮೆ, ಅಲೆದಾಟ ಹೆಚ್ಚು. ಹೆಣ್ಣುಗಳು ಹಲವು ಜಾತಿಗಳಲ್ಲಿ 20 ವರ್ಷ ದಾಟಿದರೆ ಗಂಡಿಗೆ ಪ್ರೌಢತೆಯ ನಂತರ ಸಾಮಾನ್ಯವಾಗಿ ಕೆಲವು ತಿಂಗಳುಗಳಿಂದ ಒಂದೆರಡು ವರ್ಷ. ಅವನ ಹೊಟ್ಟೆ ಸಣ್ಣಗಾಗುವುದು ನಿಮ್ಮ ಆರೈಕೆಯ ಕೊರತೆಯಲ್ಲ. ನೀರು ಕೊಡಿ, ತಿಂದಾಗ ತಿನ್ನಲಿ.

ಇವು ಯಾವುವೂ ಅಲ್ಲದಿದ್ದರೆ ಉಳಿಯುವುದು ಹೊಸ ಜಾಗ, ಚಳಿ, ಅತಿಯಾದ ತೇವ, ತೀರಾ ದೊಡ್ಡ ಬೇಟೆ. ಹೊಸ ಡಬ್ಬಿಗೆ ಬಂದ ಜೇಡಕ್ಕೆ ಒಂದೆರಡು ವಾರ ಕೊಡಿ. ಬೇಟೆ ಜೇಡದ ಹೊಟ್ಟೆಗಿಂತ ದೊಡ್ಡದಾಗಿರಬಾರದು. ಜೀವಂತ ಹುಳು ಬಿಟ್ಟಿದ್ದರೆ ಒಂದು ದಿನದೊಳಗೆ ತೆಗೆದುಬಿಡಿ. ಈ ಮಾತಿಗೆ ವಿನಾಯಿತಿ ಇಲ್ಲ. ಹಸಿದ ಮಿಡತೆಯೋ ಚಿಮ್ಮಂಡೆಯೋ ಪೊರೆ ಬಿಡುತ್ತಿರುವ ಜೇಡವನ್ನು ಕಚ್ಚಿ ತಿಂದುಬಿಡಬಲ್ಲದು.

ಹೊಟ್ಟೆ ಗುಂಡಗಿದ್ದು ಊಟ ಬಿಟ್ಟಿದ್ದರೆ ಕಾಯಿರಿ. ಹೊಟ್ಟೆ ಕುಗ್ಗುತ್ತಾ ಊಟವನ್ನೂ ಬಿಟ್ಟಿದ್ದರೆ ಮುಂದಿನ ಭಾಗಗಳನ್ನು ಓದಿ.

ಅಂಗಾತ ಮಲಗಿದೆ

ಸತ್ತ ಟರಂಟುಲಾ ಸಾಮಾನ್ಯವಾಗಿ ಅಂಗಾತ ಬೀಳುವುದಿಲ್ಲ. ನಿಂತಲ್ಲೇ ಕಾಲು ಮುದುಡಿ ಕುಸಿಯುತ್ತದೆ. ಬೆನ್ನಿನ ಮೇಲೆ ಮಲಗಿ, ಕಾಲುಗಳನ್ನು ಮೇಲಕ್ಕೆ ಹರಡಿಕೊಂಡಿದ್ದರೆ ಅದು ಪೊರೆ ಬಿಡುತ್ತಿದೆ. ಅಡಿಯಲ್ಲಿ ಹಾಸಿಗೆಯಂತೆ ಬಲೆ ನೇಯ್ದಿದ್ದರೆ ಸಂಶಯವೇ ಬೇಡ. ಈ ಜೇಡವನ್ನು ತಿರುಗಿಸಿ ನಿಲ್ಲಿಸಬೇಡಿ, ಊದಬೇಡಿ, ನೀರು ಚಿಮುಕಿಸಬೇಡಿ, ಡಬ್ಬಿಯನ್ನು ಬೇರೆ ಕಡೆ ಒಯ್ಯಬೇಡಿ. ಈ ನಾಲ್ಕರಲ್ಲಿ ಒಂದನ್ನು ಮಾಡಿ ಜೇಡ ಕಳೆದುಕೊಂಡವರ ದುಃಖವನ್ನು ನೋಡಿರುವುದರಿಂದಲೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಹತ್ತಿರ ಕುಳಿತು ನೋಡಿದರೆ ಮೊದಲು ಕಾಣುವುದು ಗಟ್ಟಿ ಭಾಗದ ಅಂಚಿನಲ್ಲಿ ಒಂದು ಬಿರುಕು. ಹೊಟ್ಟೆಯ ದ್ರವ ಮುಂದಕ್ಕೆ ನುಗ್ಗಿದಂತೆ ಆ ಬಿರುಕು ಅಗಲವಾಗಿ, ಬೆನ್ನಿನ ಚಿಪ್ಪು ಡಬ್ಬಿಯ ಮುಚ್ಚಳದಂತೆ ಏಳುತ್ತದೆ. ಹೊಟ್ಟೆಯ ಪಕ್ಕದ ಚರ್ಮ ಸೀಳುತ್ತದೆ. ನಂತರ ಅಲೆಅಲೆಯಾಗಿ ನೂಕು: ಎಂಟೂ ಕಾಲುಗಳು ಹಳೆಯ ಕಾಲುಗಳೊಳಗಿಂದ ಒಂದೇ ಸಲ ಕೂದಲೆಳೆಯಷ್ಟು ಜಾರುತ್ತವೆ, ನಿಲ್ಲುತ್ತವೆ, ಮತ್ತೆ ಜಾರುತ್ತವೆ. ಹೊರಬಂದ ಕಾಲು ತೇವವಾಗಿ, ಬಾಗುವಷ್ಟು ಮೆತ್ತಗೆ ಇರುತ್ತದೆ. ಕೋರೆಹಲ್ಲುಗಳು ಅಚ್ಚ ಬಿಳಿ. ದಿನ ಕಳೆದಂತೆ ಕೆಂಪಾಗಿ, ಕೊನೆಗೆ ಕಪ್ಪಾಗುತ್ತವೆ. ಮರಿಗೆ ಇದೆಲ್ಲ ಅರ್ಧ ಗಂಟೆಯೊಳಗೆ ಮುಗಿಯಬಹುದು, ದೊಡ್ಡ ಹೆಣ್ಣಿಗೆ ಹಲವು ಗಂಟೆ ಬೇಕು. ಹಲ್ಲು ಕಪ್ಪಾಗುವವರೆಗೆ ಊಟ ಕೊಡುವಂತಿಲ್ಲ: ಮರಿಗಳಿಗೆ ನಾಲ್ಕೈದು ದಿನ, ದೊಡ್ಡವಕ್ಕೆ ಹತ್ತು ದಿನದಿಂದ ಎರಡು ವಾರ. ನೀರು ಮಾತ್ರ ಮೊದಲ ಕ್ಷಣದಿಂದಲೇ ಬಟ್ಟಲಲ್ಲಿರಲಿ.

ಪೊರೆ ನಡುವೆ ನಿಂತುಹೋಯಿತು ಎಂದು ತೀರ್ಮಾನಿಸುವುದು ಯಾವಾಗ? ಬೆನ್ನಿನ ಚಿಪ್ಪು ಎದ್ದ ಮೇಲೆ ಹಲವು ಗಂಟೆಗಳ ಕಾಲ ಒಂದಿಷ್ಟೂ ಮುಂದುವರಿಯದಿದ್ದರೆ, ನೂಕುವ ಅಲೆಗಳೂ ನಿಂತಿದ್ದರೆ, ಆಗ ಮಾತ್ರ. ಆಗಲೂ ಎಳೆಯಬೇಡಿ. ಮೆತ್ತನೆಯ ಸಣ್ಣ ಕುಂಚವನ್ನು ಬೆಚ್ಚಗಿನ ನೀರಿನಲ್ಲಿ ಅದ್ದಿ, ಹಳೆಯ ಚರ್ಮ ಸಿಕ್ಕಿಕೊಂಡಿರುವ ಜಾಗಕ್ಕಷ್ಟೇ ತೇವ ಕೊಡಿ. ಹೊಟ್ಟೆಯ ತಳಭಾಗದಲ್ಲಿ, ಮುಂದಿನ ತುದಿಯ ಹತ್ತಿರ, ನಾಲ್ಕು ತಿಳಿ ಮಚ್ಚೆಗಳಂತೆ ಕಾಣುವುದು ಪುಸ್ತಕ ಶ್ವಾಸಕೋಶಗಳ, ಅಂದರೆ ಪುಸ್ತಕದ ಹಾಳೆಗಳಂತೆ ಪದರಪದರವಾದ ಉಸಿರಾಟದ ಅಂಗಗಳ ಬಾಗಿಲು. ಅಲ್ಲಿಗೆ ನೀರು ಹೋದರೆ ಉಸಿರು ಕಟ್ಟುತ್ತದೆ. ಒಂದು ಕಾಲು ಮಾತ್ರ ಹಳೆಯ ಪೊರೆಯಲ್ಲಿ ಉಳಿದು ಜೇಡ ಹೊರಬಂದಿದ್ದರೆ ಇನ್ನೂ ಆತುರ ಬೇಡ. ಜೇಡಗಳು ಬೇಡದ ಕಾಲನ್ನು ಬುಡದಲ್ಲೇ ಕಳಚಿ ಬಿಡಬಲ್ಲವು, ಮುಂದಿನ ಪೊರೆಗಳಲ್ಲಿ ಅದು ಮತ್ತೆ ಬೆಳೆಯುತ್ತದೆ. ಮೊದಲ ಸಲ ಸಣ್ಣದಾಗಿ, ಆಮೇಲೆ ಸರಿಯಾದ ಅಳತೆಗೆ.

ಬಿಟ್ಟ ಪೊರೆಯನ್ನು ಎಸೆಯಬೇಡಿ. ಅದನ್ನು ಸ್ವಲ್ಪ ನೆನೆಸಿ, ಇಕ್ಕಳದಿಂದ ಬಿಡಿಸಿ ಹರಡಿದರೆ ಜೇಡದ ಒಳಗಿನ ಆರೋಗ್ಯವೇ ಕಣ್ಣೆದುರು ಬಿಚ್ಚಿಕೊಳ್ಳುತ್ತದೆ. ಎರಡು ಕೋರೆಹಲ್ಲುಗಳ ಹೊದಿಕೆ ಪೂರ್ತಿ ಬಂದಿದೆಯೇ ನೋಡಿ. ಬಾಯಿಯ ಹಿಂದೆ, ಹೀರುವ ಜಠರದ ಒಳಪದರ ಸಣ್ಣ ಕೊಳವೆಯಾಗಿ ಹೊರಬಂದಿರಬೇಕು. ಅದು ಒಳಗೇ ಉಳಿದರೆ ಜೇಡ ಹೊರಗಿನಿಂದ ಅಂದವಾಗಿ ಕಂಡರೂ ನುಂಗಲಾರದು. ಬೇಟೆ ಹಿಡಿದು, ಬಿಟ್ಟು, ಮತ್ತೆ ಹಿಡಿದು, ವಾರಗಳಲ್ಲಿ ಸೊರಗುತ್ತದೆ. ಇದಕ್ಕೆ ಮನೆಯಲ್ಲಿ ಮಾಡುವಂಥದ್ದು ಏನೂ ಇಲ್ಲ, ಬಾಯಿಗೆ ತಾಗುವಂತೆ ನೀರು ಕೊಡುವುದನ್ನು ಬಿಟ್ಟರೆ. ಹಲ್ಲು ಮುರಿದಿದ್ದರೆ ಪರವಾಗಿಲ್ಲ. ಜಜ್ಜಿದ ಹುಳುವನ್ನು ಬಟ್ಟಲ ಪಕ್ಕದಲ್ಲಿಟ್ಟರೆ ರಸ ಹೀರಿಕೊಂಡು ಮುಂದಿನ ಪೊರೆಯವರೆಗೆ ಬದುಕುತ್ತದೆ. ಹೆಣ್ಣೋ ಗಂಡೋ ಎಂಬುದನ್ನೂ ಹೊಟ್ಟೆಯ ಪೊರೆಯ ಒಳಮುಖದಲ್ಲಿ, ಮುಂದಿನ ಶ್ವಾಸಕೋಶಗಳ ನಡುವೆ ನೋಡಿ ತಿಳಿಯಬಹುದು: ಅಲ್ಲಿ ಚೀಲದಂಥ ಪುಟ್ಟ ಮಡಿಕೆ ಇದ್ದರೆ ಹೆಣ್ಣು.

ಕಾಲು ಮುದುಡಿದೆ

ಎದ್ದು ಓಡಬೇಕಾದ ಸಂದರ್ಭ ಇದು. ಜೇಡ ಹೊಟ್ಟೆಯ ಮೇಲೆಯೇ ಕುಳಿತಿದ್ದು ಕಾಲುಗಳು ಒಳಕ್ಕೆ ಸುರುಟಿದ್ದರೆ, ಹೊಟ್ಟೆ ಸುಕ್ಕಾಗಿದ್ದರೆ, ತುದಿಯಿಂದ ಮೆಲ್ಲಗೆ ಮುಟ್ಟಿದರೂ ತಡವಾಗಿ ಅಲುಗಿದರೆ ಅದಕ್ಕೆ ನೀರು ಬೇಕು.

ಒದ್ದೆ ಕಾಗದ ತುಂಬಿದ ಸಣ್ಣ ಡಬ್ಬಿಯಲ್ಲಿ ಜೇಡವನ್ನು ಮುಚ್ಚಿಡುವ ಹಳೆಯ ಪದ್ಧತಿಯೊಂದಿದೆ. ನಾನು ಅದನ್ನು ಒಪ್ಪುವುದಿಲ್ಲ. ತೇವದ ಗಾಳಿಯಿಂದ ಜೇಡದ ದೇಹಕ್ಕೆ ನೀರು ಸೇರುವುದಿಲ್ಲ, ಕುಡಿದರೆ ಮಾತ್ರ ಸೇರುತ್ತದೆ. ಆಳವಿಲ್ಲದ ತಟ್ಟೆಯಲ್ಲಿ ಕೆಲವೇ ಮಿಲಿಮೀಟರ್ ನೀರು ಹಾಕಿ. ಜೇಡವನ್ನು ಮೃದುವಾಗಿ ಎತ್ತಿ, ಬಾಯಿ ನೀರಿಗೆ ತಾಗುವಂತೆ, ಹೊಟ್ಟೆ ಪೂರ್ತಿ ತಟ್ಟೆಯ ಹೊರಗೆ ಒಣ ಜಾಗದಲ್ಲಿರುವಂತೆ ಅಂಚಿನ ಮೇಲೆ ಒರಗಿಸಿ. ಇಷ್ಟನ್ನೂ ಮಾಡಲಾಗದಷ್ಟು ಪುಟ್ಟ ಮರಿಯಾದರೆ ಡ್ರಾಪರ್‌ನಿಂದ ಒಂದು ಹನಿಯನ್ನು ಬಾಯಿಯ ಮುಂದೆ ಬಿಡಿ. ಬರೀ ಬಾಯಾರಿಕೆಯಾಗಿದ್ದರೆ ಗಂಟೆಗಳಲ್ಲಿ ಕಾಲುಗಳು ಬಿಚ್ಚಿಕೊಳ್ಳಲು ಆರಂಭವಾಗುತ್ತವೆ, ಮರುದಿನದ ಹೊತ್ತಿಗೆ ಹೊಟ್ಟೆಯ ಸುಕ್ಕು ಕಡಿಮೆಯಾಗಿರುತ್ತದೆ. ನೀರು ಕುಡಿದೂ ಬದಲಾಗದಿದ್ದರೆ ಕಾರಣ ಬೇರೆ ಇದೆ: ಮುಪ್ಪು, ಪೆಟ್ಟು, ಸೋಂಕು, ವಿಷ.

ಈ ಸ್ಥಿತಿ ಬಂದದ್ದು ಹೇಗೆಂದು ಹುಡುಕಿದರೆ ಹೆಚ್ಚಾಗಿ ಸಿಗುವುದು ಬಟ್ಟಲಿಲ್ಲದ ಡಬ್ಬಿ. ಒಣನಾಡಿನ ಜಾತಿಗೆ ನೀರು ಬೇಡವೆಂಬ ತಪ್ಪು ಕಲ್ಪನೆ ಇನ್ನೂ ಹೋಗಿಲ್ಲ. ಮರಿಗಳನ್ನು ಬಿಟ್ಟು ಎಲ್ಲ ಜಾತಿಗೂ, ಎಲ್ಲ ಕಾಲದಲ್ಲೂ ಬಟ್ಟಲಿರಬೇಕು. ಸ್ಪಂಜು, ನೀರಿನ ಜೆಲ್ ಬೇಡ, ಅವು ಬ್ಯಾಕ್ಟೀರಿಯಾದ ತೊಟ್ಟಿಲು. ಮರಿಗಳ ಡಬ್ಬಿಯಲ್ಲಿ ತಳದ ಒಂದು ಮೂಲೆಯನ್ನು ಸದಾ ತೇವವಾಗಿಡಿ. ಅವುಗಳ ತೆಳು ಮೈ ಬೇಗ ಒಣಗುತ್ತದೆ. ಎರಡನೆಯ ಕಾರಣ ಬಿಸಿ ಹಾಸು. ನೆಲವಾಸಿ ಜೇಡ ಬಿಸಿಯಾದಾಗ ಕೆಳಕ್ಕೆ ಅಗೆದು ತಂಪು ಹುಡುಕುತ್ತದೆ, ಪ್ರಕೃತಿಯಲ್ಲಿ ಅದು ಸರಿ. ಡಬ್ಬಿಯ ಅಡಿಯಲ್ಲಿ ಬಿಸಿ ಹಾಸು ಇದ್ದರೆ ಅದು ತಪ್ಪಿಸಿಕೊಳ್ಳಲು ಅಗೆದಷ್ಟೂ ಬಿಸಿಯ ಹತ್ತಿರವೇ ಹೋಗುತ್ತದೆ. ಮನುಷ್ಯರಿಗೆ ಹಿತವಾದ ಕೋಣೆಯ ಉಷ್ಣತೆ ಬಹುತೇಕ ಜಾತಿಗಳಿಗೂ ಸಾಕು. ಬೇಕೇ ಬೇಕೆಂದರೆ ಹಾಸನ್ನು ಪಕ್ಕದ ಗೋಡೆಗೆ, ಥರ್ಮೋಸ್ಟಾಟ್ ಜೋಡಿಸಿ ಇಡಿ.

ಸದಾ ಗೋಡೆ ಹತ್ತುತ್ತಿದೆ, ನೆಲಕ್ಕೆ ಕಾಲಿಡುತ್ತಿಲ್ಲ

ನೆಲವಾಸಿ ಜೇಡ ನಾಲ್ಕೂ ಗೋಡೆಗೆ ಅಂಟಿಕೊಂಡೇ ಇದ್ದರೆ ತಳದ ಮಣ್ಣು ಅದಕ್ಕೆ ಹಿಡಿಸಿಲ್ಲ. ತಳಕ್ಕೆ ಹಾಕಿದ ಹೊಸ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಒದ್ದೆಯಾಗಿದ್ದಾಗ ಇದು ಮಾಮೂಲಿ. ಮೇಲ್ಪದರ ಒಣಗಿದರೆ ತಾನಾಗಿ ಇಳಿಯುತ್ತದೆ. ಆದರೆ ಎತ್ತರ ಇಲ್ಲಿ ಅಪಾಯ. ಟರಂಟುಲಾದ ಹೊಟ್ಟೆ ತೆಳುವಾದ ಚರ್ಮದ ಚೀಲ, ಅಂಗೈ ಅಗಲದ ಜೇಡ ಒಂದಡಿ ಎತ್ತರದಿಂದ ಬಿದ್ದರೂ ಒಡೆಯಬಹುದು. ಮಣ್ಣಿನಿಂದ ಮುಚ್ಚಳದವರೆಗಿನ ಅಂತರ ಜೇಡದ ಕಾಲಗಲದ ಒಂದೂವರೆ ಪಟ್ಟು ಮೀರದಂತೆ ಮಣ್ಣು ತುಂಬಿ. ಮುಚ್ಚಳ ತಂತಿಬಲೆಯದ್ದಾಗಿದ್ದರೆ ಬದಲಿಸಿ. ಉಗುರು ಸಿಕ್ಕಿ ನೇತಾಡಿ ಕಾಲು ಕಳೆದುಕೊಳ್ಳುತ್ತವೆ.

ಮರವಾಸಿ ಅವಿಕ್ಯುಲೇರಿಯಾ ಜಾತಿ ಸದಾ ಗಾಳಿಕಿಂಡಿಯ ಹತ್ತಿರವೇ ಕೂತರೆ ಅದು ಗಾಳಿ ಕೇಳುತ್ತಿದೆ ಎಂದು ತಿಳಿಯಿರಿ. ಜೀವಿಗಳ ವರ್ಗೀಕರಣಕ್ಕೆ ಹೆಸರಾದ ವಿಜ್ಞಾನಿ ಲಿನೇಯಸ್ 1758ರಲ್ಲೇ ವಿವರಿಸಿದ ಈ ಗುಲಾಬಿ ಪಾದದ ಜೇಡವನ್ನು ಮಳೆಕಾಡಿನದು ಎಂಬ ಕಾರಣಕ್ಕೆ ಗಾಳಿಯಾಡದ ಒದ್ದೆ ಡಬ್ಬಿಯಲ್ಲಿಟ್ಟು ಅದೆಷ್ಟೋ ಮಂದಿ ಕಳೆದುಕೊಂಡಿದ್ದಾರೆ. ಕಾಡಿನಲ್ಲಿ ತೇವವೂ ಉಂಟು, ಬೀಸುವ ಗಾಳಿಯೂ ಉಂಟು. ಡಬ್ಬಿಯ ಎದುರುಬದುರು ಗೋಡೆಗಳಲ್ಲಿ ತೂತುಗಳಿದ್ದು ಗಾಳಿ ಅಡ್ಡಲಾಗಿ ಹಾಯಬೇಕು.

ಬಿಳಿ ಚುಕ್ಕೆ, ಬಿಳಿ ಲೋಳೆ, ಓಡುವ ನೊಣ

ತಳದಲ್ಲಿ ಸಣ್ಣ ಬಿಳಿ ಜೀವಿಗಳು ಕಂಡರೆ ಭೂತಗನ್ನಡಿ ತನ್ನಿ. ಉದ್ದನೆಯ ಮೈಯವು, ಕಡ್ಡಿಯಿಂದ ಕೆಣಕಿದರೆ ಚಂಗನೆ ಹಾರಿದರೆ ಅವು ಸ್ಪ್ರಿಂಗ್‌ಟೇಲ್. ಬೂಸ್ಟು ತಿನ್ನುವ ನಿರುಪದ್ರವಿಗಳು, ಬೇಕೆಂದೇ ಬಿಡುವವರೂ ಇದ್ದಾರೆ. ದುಂಡಗೆ, ನಿಧಾನವಾಗಿ ತೆವಳಿದರೆ ನುಸಿ. ಮಣ್ಣಿನಲ್ಲಿ ನಾಲ್ಕಾರು ನುಸಿ ಇದ್ದರೆ ತಿಂದುಳಿದ ಬೇಟೆ ತೆಗೆದು, ಮಣ್ಣು ಒಣಗಿಸಿದರೆ ಸಾಕು. ಜೇಡದ ಕೀಲುಗಳಲ್ಲಿ, ಬಾಯಿಯ ಸುತ್ತ, ಶ್ವಾಸಕೋಶದ ಬಾಗಿಲಲ್ಲಿ ಗುಂಪು ಕಟ್ಟಿದ್ದರೆ ಜೇಡವನ್ನು ಒಣ ಕಾಗದ ಹಾಸಿದ ಬೇರೆ ಡಬ್ಬಿಗೆ, ನೀರಿನ ಬಟ್ಟಲಿನೊಂದಿಗೆ ಸಾಗಿಸಿ, ಹಳೆಯದನ್ನು ಪೂರ್ತಿ ಖಾಲಿ ಮಾಡಿ. ನುಸಿನಾಶಕ ಸಿಂಪಡಿಸುವ ಯೋಚನೆ ಬೇಡ. ನುಸಿಯೂ ಜೇಡವೂ ಹತ್ತಿರದ ಬಂಧುಗಳು, ಅದನ್ನು ಕೊಲ್ಲುವುದು ಇದನ್ನೂ ಕೊಲ್ಲುತ್ತದೆ.

ಬಾಯಿಯ ಬಿಳಿ ಲೋಳೆ ಇದಕ್ಕಿಂತ ಘೋರ. ಜೇಡ ಊಟ ಬಿಟ್ಟು ಬಟ್ಟಲಿನ ಮೇಲೆ ಬಾಗಿಕೊಂಡೋ, ಬೆರಳ ತುದಿಯಲ್ಲಿ ನಿಂತಂತೆ ಮೈ ಎತ್ತಿಯೋ ಇದ್ದು, ಬಾಯಿಯ ಬಳಿ ಕೊಳೆತ ವಾಸನೆ ಬಂದರೆ ಜಂತುಹುಳುಗಳ ಸೋಂಕು ಇರಬಹುದು. ಲೋಳೆಯ ಒಂದು ತೊಟ್ಟನ್ನು ನೀರಿನಲ್ಲಿ ಬೆರೆಸಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ದಾರದಂಥ ಹುಳುಗಳು ಹೊರಳಾಡುವುದು ಕಾಣುತ್ತದೆ. 2022ರಲ್ಲಿ ರಿವರ್‌ಸೈಡ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು ಸಾಕಿದ ಟರಂಟುಲಾಗಳ ಬಾಯಿಯಲ್ಲಿ ಸಿಕ್ಕ ಇಂಥ ಹುಳುವೊಂದನ್ನು ಟರಂಟೊಬೆಲಸ್ ಜೆಫ್‌ಡೇನಿಯಲ್ಸಿ ಎಂಬ ಹೊಸ ಪ್ರಭೇದವಾಗಿ ವಿವರಿಸಿದರು. ಭರವಸೆಯಿಂದ ಹೇಳಬಹುದಾದ ಔಷಧಿ ಇದಕ್ಕಿಲ್ಲ. ಆ ಡಬ್ಬಿಯನ್ನು ಆ ಗಳಿಗೆಯಲ್ಲೇ ಬೇರೆ ಕೋಣೆಗೆ ಒಯ್ಯಿರಿ, ಇಕ್ಕಳ ಹಂಚಿಕೊಳ್ಳಬೇಡಿ. ಹಾರುವುದಕ್ಕಿಂತ ಹೆಚ್ಚಾಗಿ ತಡೆತಡೆದು ಓಡುವ ಪುಟ್ಟ ಗೂನುಬೆನ್ನಿನ ನೊಣಗಳು ಕೊಳೆತ ಬೇಟೆಗೆ ಬಂದು ಮೊಟ್ಟೆ ಇಡುತ್ತವೆ. ಸೋಂಕನ್ನು ಡಬ್ಬಿಯಿಂದ ಡಬ್ಬಿಗೆ ದಾಟಿಸುವ ಗುಮಾನಿಯೂ ಅವುಗಳ ಮೇಲಿದೆ. ತಿಂದುಳಿದ ಉಂಡೆಯನ್ನು ಮರುದಿನವೇ ತೆಗೆಯುವುದು ಅದಕ್ಕಾಗಿಯೇ.

ಕಾಡಿನಿಂದ ಹಿಡಿದು ಮಾರಿದ ಜೇಡಗಳಲ್ಲಿ ಇನ್ನೊಂದು ಅಪಾಯ ಅಡಗಿರುತ್ತದೆ. ಅಕ್ರೊಸೆರಿಡೇ ಕುಟುಂಬದ ನೊಣದ ಮರಿಹುಳು ಹೊಟ್ಟೆಯೊಳಗೆ ಬಹುಕಾಲ ಸದ್ದಿಲ್ಲದೆ ಇದ್ದು ಒಂದು ದಿನ ಹೊಟ್ಟೆ ಸೀಳಿ ಹೊರಬರುತ್ತದೆ. ಸಾಕುವವರ ಬಳಿಯೇ ಹುಟ್ಟಿದ ಮರಿಗಳನ್ನೇ ಕೊಳ್ಳಿ ಎಂದು ನಾನು ಪಟ್ಟು ಹಿಡಿಯುವುದಕ್ಕೆ ಇದೊಂದೇ ಕಾರಣವಲ್ಲ. ಭಾರತ, ಶ್ರೀಲಂಕಾದ ಪೋಸಿಲೋಥೇರಿಯಾ ಎಂಬ ಟರಂಟುಲಾ ಕುಲವನ್ನು 2019ರಲ್ಲಿ, ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಎರಡನೇ ಅನುಬಂಧಕ್ಕೆ ಸೇರಿಸಬೇಕಾಗಿ ಬಂದದ್ದರಲ್ಲಿ ಸಾಕುಪ್ರಾಣಿ ವ್ಯಾಪಾರದ ಪಾಲೂ ಇದೆ.

ನಡುಗುತ್ತಾ ತಡವರಿಸುತ್ತಿದೆ

ಕಾಲುಗಳು ಒಂದಕ್ಕೊಂದು ಹೊಂದದೆ ಜರ್ಕು ಹೊಡೆಯುತ್ತಿದ್ದರೆ, ನಡೆಯಲು ಹೋಗಿ ಮಗುಚಿಕೊಂಡರೆ ಮೊದಲು ವಿಷದ ಜಾಡು ಹಿಡಿಯಿರಿ. ಸೊಳ್ಳೆ ಬತ್ತಿ ಮತ್ತು ದ್ರವದ ಯಂತ್ರಗಳಲ್ಲಿರುವ ಪೈರೆಥ್ರಾಯ್ಡ್, ಬೆಕ್ಕು ನಾಯಿಗಳ ಚಿಗಟಕ್ಕೆ ಹಾಕುವ ಫಿಪ್ರೊನಿಲ್, ಜಿರಲೆ ಸ್ಪ್ರೇ, ಹೊಲದಿಂದ ಹಿಡಿದು ತಂದ ಮಿಡತೆಯ ಮೈಯಲ್ಲಿನ ಕೀಟನಾಶಕ: ಇವೆಲ್ಲ ಕೀಟಗಳ ನರವ್ಯೂಹಕ್ಕೆಂದೇ ಮಾಡಿದವು, ಜೇಡ ಅವಕ್ಕೆ ಹೊರತಲ್ಲ. ನಾಯಿಯ ಬೆನ್ನಿಗೆ ಔಷಧಿ ಹಚ್ಚಿದ ಕೈಯಲ್ಲೇ ಡಬ್ಬಿಯ ಬಟ್ಟಲು ತುಂಬಿಸಿದರೂ ಸಾಕು. ಜೇಡವನ್ನು ಹೊಸ ಡಬ್ಬಿ, ಹೊಸ ಮಣ್ಣು, ಶುದ್ಧ ನೀರಿಗೆ ಬದಲಿಸಿ ಕತ್ತಲೆಯ ತಂಪು ಜಾಗದಲ್ಲಿಡಿ, ಬಾಯಿಗೆ ನೀರು ಸಿಗುವಂತೆ ನೋಡಿಕೊಳ್ಳಿ. ಕೆಲವು ಚೇತರಿಸಿಕೊಳ್ಳುತ್ತವೆ, ಮುಂದಿನ ಪೊರೆಯ ನಂತರ ಸರಿಹೋದವೂ ಇವೆ.

ಹೊಟ್ಟೆ ಒಡೆದಿದೆ

ಜೇಡದ ರಕ್ತ ಕೆಂಪಲ್ಲ. ಆಮ್ಲಜನಕ ಹೊರುವ ಹೀಮೊಸಯನಿನ್‌ನಲ್ಲಿ ಕಬ್ಬಿಣದ ಬದಲು ತಾಮ್ರ ಇರುವುದರಿಂದ ಅದು ತಿಳಿ ನೀಲಿ ಛಾಯೆಯ ನೀರಿನಂತೆ ಕಾಣುತ್ತದೆ, ಹಾಗಾಗಿ ಎಷ್ಟೋ ಜನ ಅದನ್ನು ಬಟ್ಟಲಿನ ನೀರೆಂದೇ ತಿಳಿಯುತ್ತಾರೆ. ಕಾಲಿನ ಸಣ್ಣ ಗಾಯಕ್ಕೆ ಕಾರ್ನ್‌ಫ್ಲೋರ್ (ಮೆಕ್ಕೆಜೋಳದ ಪಿಷ್ಟ) ಪುಡಿಯನ್ನು ಕುಂಚದಿಂದ ಒತ್ತಿದರೆ ಸೋರುವುದು ನಿಲ್ಲಬಹುದು. ಹೊಟ್ಟೆಯ ಸಣ್ಣ ಸೀಳನ್ನು ಒಣಗಿಸಿ, ಸಯನೊಅಕ್ರಿಲೇಟ್ ಅಂಟಿನ (ಸೂಪರ್ ಗ್ಲೂ) ಸೂಜಿಮೊನೆಯಷ್ಟು ಹನಿಯಿಂದ ಮುಚ್ಚಿ ಉಳಿಸಿಕೊಂಡವರಿದ್ದಾರೆ. ಅಂಟು ಕಾಲಿಗೆ, ಶ್ವಾಸಕೋಶದ ಬಾಗಿಲಿಗೆ, ನೂಲು ಬಿಡುವ ಅಂಗಕ್ಕೆ ತಗಲಬಾರದು. ವಿಲಕ್ಷಣ ಪ್ರಾಣಿಗಳನ್ನು ನೋಡುವ ಪಶುವೈದ್ಯರು ಕೈಗೆಟಕುವಂತಿದ್ದರೆ ಅವರಿಗೇ ಬಿಡುವುದು ಮೇಲು. ಹೋಗುವಾಗ ಹಿಂದಿನ ಪೊರೆಯನ್ನೂ ತಿಂಗಳ ಫೋಟೊಗಳನ್ನೂ ಒಯ್ಯಿರಿ.

ಇದನ್ನೆಲ್ಲ ಮಾಡುವಾಗ ನಿಮ್ಮ ಮೈಯ ಕಡೆಗೂ ಗಮನವಿರಲಿ. ಅಮೆರಿಕ ಖಂಡಗಳ ಅನೇಕ ಜಾತಿಗಳು ಹಿಂಗಾಲಿನಿಂದ ಹೊಟ್ಟೆಯ ಕೂದಲನ್ನು ಕೆರೆದು ಗಾಳಿಗೆ ತೂರುತ್ತವೆ. ಚರ್ಮಕ್ಕೆ ಬಿದ್ದರೆ ತುರಿಕೆ, ಕಣ್ಣಿಗೆ ಬಿದ್ದರೆ ಕಾರ್ನಿಯಾದಲ್ಲಿ ಚುಚ್ಚಿ ಉಳಿದು ತಿಂಗಳುಗಟ್ಟಲೆ ಕಾಡಬಹುದು. ಕನ್ನಡಕ ಹಾಕಿಕೊಳ್ಳಿ, ಕಣ್ಣಿಗೆ ಹೋದರೆ ಉಜ್ಜದೆ ನೀರಿನಿಂದ ತೊಳೆದು ಕಣ್ಣಿನ ವೈದ್ಯರನ್ನು ಕಾಣಿ. ಪೋಸಿಲೋಥೇರಿಯಾದಂಥ ಜಾತಿಗಳಿಗೆ ಈ ಕೂದಲಿಲ್ಲ, ಆದರೆ ಅವುಗಳ ಕಡಿತದಿಂದ ದಿನಗಟ್ಟಲೆ ಸ್ನಾಯು ಸೆಳೆತ ಬಂದದ್ದು ದಾಖಲಾಗಿದೆ. ಅವುಗಳ ಶುಶ್ರೂಷೆಗೆ ಉದ್ದನೆಯ ಇಕ್ಕಳ, ಪಾರದರ್ಶಕ ಲೋಟ ಎರಡೂ ಇರಲಿ.

ಸತ್ತಿದೆ ಎಂದು ಖಚಿತಪಡಿಸಿಕೊಳ್ಳುವುದು

ಕಾಲು ಮುದುಡಿ, ನೀರಿಗೂ ಸ್ಪರ್ಶಕ್ಕೂ ಪ್ರತಿಕ್ರಿಯೆ ಇಲ್ಲದಿದ್ದರೂ ಎರಡು ದಿನ ಹಾಗೆಯೇ ಬಿಡಿ. ಸತ್ತಿದ್ದರೆ ವಾಸನೆ ಬರುತ್ತದೆ, ಹೊಟ್ಟೆ ಕಪ್ಪಾಗಿ ಕುಸಿಯುತ್ತದೆ. ಬೇರೆ ಪರೀಕ್ಷೆ ಬೇಕಿಲ್ಲ. ಕಾರಣ ತಿಳಿಯದೆ ಸತ್ತ ಜೇಡದ ಮಣ್ಣು, ತೊಗಟೆ, ಕೃತಕ ಗಿಡ ಯಾವುದನ್ನೂ ಮತ್ತೆ ಬಳಸಬೇಡಿ. ಗಾಜು ಮತ್ತು ಪ್ಲಾಸ್ಟಿಕ್ಕನ್ನು ಬ್ಲೀಚ್ ಬೆರೆಸಿದ ನೀರಿನಿಂದ ತೊಳೆದು, ವಾಸನೆ ಪೂರ್ತಿ ಹೋಗುವವರೆಗೆ ಬಿಸಿಲಿನಲ್ಲಿ ಒಣಗಿಸಿ. ಇಕ್ಕಳವನ್ನು ಕುದಿಯುವ ನೀರಿಗೆ ಹಾಕಿ ತೆಗೆಯಿರಿ. ಆ ಡಬ್ಬಿಯ ಪಕ್ಕದಲ್ಲಿದ್ದ ಜೇಡಗಳ ಬಾಯಿಯನ್ನು ಕೆಲವು ವಾರ ಪ್ರತಿದಿನ ಟಾರ್ಚ್ ಹಿಡಿದು ನೋಡಿ, ಹೊಸದಾಗಿ ತರುವ ಯಾವ ಜೇಡವನ್ನೂ ಒಂದೆರಡು ತಿಂಗಳು ಉಳಿದವುಗಳಿಂದ ದೂರ, ಅದರದೇ ಇಕ್ಕಳ ಮತ್ತು ಬಟ್ಟಲಿನೊಂದಿಗೆ ಇಡಿ.